ಮದುವೆ ವಿಡಿಯೊ ಬರ್ನ್ ಮಾಡಿದ ಡಿವಿಡಿ ಕಂಪ್ಯೂಟರ್‌ನಲ್ಲಿ ಓಡುತ್ತೆ, ಟಿವಿ ಪಕ್ಕದ ಪ್ಲೇಯರ್‌ನಲ್ಲಿ ಓಡಲ್ಲ. ಯಾಕೆ?

ಡಿಸ್ಕ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನೀವು ವಿಡಿಯೊ ಫೈಲನ್ನು ಸುಮ್ನೆ ಡಿಸ್ಕ್‌ಗೆ ಕಾಪಿ ಮಾಡಿದ್ದೀರಿ. ಅದು ಡೇಟಾ ಡಿಸ್ಕ್ ಆಗುತ್ತೆ, ವಿಡಿಯೊ ಡಿವಿಡಿ ಆಗಲ್ಲ.

ಕಂಪ್ಯೂಟರ್ ಎಂಪಿ4 ಫೈಲನ್ನೂ ಓದುತ್ತದೆ. ಹಳೆಯ ಪ್ಲೇಯರ್ ಹಾಗಲ್ಲ. ಅದು ಹುಡುಕುವುದು 'ವಿಡಿಯೊ ಟಿಎಸ್' ಎಂಬ ಫೋಲ್ಡರನ್ನು. ಅದರೊಳಗಿನ ಚಿತ್ರ ಎಂಪೆಗ್-2 ಎಂಬ ಹಳೆಯ ಮಾದರಿಯಲ್ಲಿರಬೇಕು. ನಮ್ಮ ಕಡೆಯ ಟಿವಿಗಳ 'ಪಾಲ್' (PAL) ಎಂಬ ಪದ್ಧತಿಗಾದರೆ 720x576 ಅಳತೆ, ಸೆಕೆಂಡಿಗೆ 25 ಚಿತ್ರ. ಈ ಬದಲಾವಣೆಯನ್ನೆಲ್ಲ ಡಿವಿಡಿಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತೆ ಅಷ್ಟೆ.

ಹಾಗೆ ಮಾಡಿಯೂ ಓಡದಿದ್ದರೆ 'ಫೈನಲೈಸ್' ಆಗಿದೆಯೇ ನೋಡಿ. ಬರೆದದ್ದು ಮುಗಿಯಿತು ಎಂದು ಡಿಸ್ಕ್‌ಗೆ ಮುದ್ರೆ ಹಾಕುವ ಕೆಲಸ ಅದು. ಮುದ್ರೆ ಇಲ್ಲದ ಡಿಸ್ಕನ್ನು ಎಷ್ಟೋ ಪ್ಲೇಯರ್‌ಗಳು ಖಾಲಿ ಎಂದೇ ತಿಳಿಯುತ್ತವೆ.

ಚಿತ್ರ ನಡುನಡುವೆ ನಿಂತರೆ 16x ಬಿಟ್ಟು 4x ಅಥವಾ 8x ವೇಗದಲ್ಲಿ ಬರೆಯಿರಿ. ಗುಬ್ಬಿಯ ನಮ್ಮ ಅತ್ತೆ ಮನೆ ಪ್ಲೇಯರ್‌ನಲ್ಲಿ ಮಾಂಗಲ್ಯಧಾರಣೆ ಹೊತ್ತಿಗೇ ಸರಿಯಾಗಿ ಚಿತ್ರ ನಿಲ್ಲುತ್ತಿತ್ತು! 4xನಲ್ಲಿ ಮತ್ತೆ ಬರೆದೆ, ಸರಿಹೋಯಿತು.

ಇನ್ನೊಂದು ಮಾತು. ಡಬ್ಬಿ ಮೇಲೆ 4.7 ಜಿಬಿ ಎಂದಿದ್ದರೂ ವಿಂಡೋಸ್ ಲೆಕ್ಕದಲ್ಲಿ ಅದು ಸುಮಾರು 4.37 ಮಾತ್ರ. ಪೂರ್ತಿ ತುಂಬಿಸಲು ಹೋಗಬೇಡಿ. ತುಮಕೂರಿನ ಕರೆಂಟ್ ನಿಮಗೆ ಗೊತ್ತೇ ಇದೆ ಅಲ್ವಾ, ಯುಪಿಎಸ್ ಇದ್ದರೆ ಮಾತ್ರ ಬರೆಯಲು ಕೂರಿ.