ರಾತ್ರಿ ಹನ್ನೊಂದರ ಫೋನು

ಪತ್ರ: ನನ್ನ ತಮ್ಮ ಪಶುವೈದ್ಯ. ಆರು ತಿಂಗಳಿಂದ ನಿದ್ದೆಯಿಲ್ಲ. ಫೋನ್ ರಿಂಗಾದರೆ ಬೆಚ್ಚುತ್ತಾನೆ, ಮನೆಯವರ ಮೇಲೆ ಸಿಡುಕುತ್ತಾನೆ. ಹತ್ತು ದಿನ ಧ್ಯಾನ ಶಿಬಿರಕ್ಕೆ ಕಳಿಸಿದರೆ ಸರಿಹೋದೀತೆ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಹನ್ನೊಂದನೇ ದಿನವೂ ಅದೇ ಫೋನು ಅವರ ಕಿಸೆಯಲ್ಲಿ ಇರುತ್ತದಲ್ಲ!

ಮಲೆನಾಡಿನ ಒಂಟಿ ಮನೆಗಳಲ್ಲಿ ಒಂದು ಕರೆ ಅಂದರೆ ಬೈಕ್ ಕೆಳಗೆ ನಿಲ್ಲಿಸಿ, ತೋಟದ ಸಂಕ (ಕಾಲುಸೇತುವೆ) ದಾಟಿ ಕೊಟ್ಟಿಗೆ ಮುಟ್ಟುವುದು. ಅಲ್ಲಿ ಹಸುವಿನ ಗರ್ಭಕೋಶ ಹೊರಬಿದ್ದಿದೆ ಅಂದುಕೊಳ್ಳಿ. ಹಿಂಭಾಗ ಎತ್ತರಕ್ಕೆ ಬರುವಂತೆ ಮಲಗಿಸಿ, ಬಾಲದ ಬುಡಕ್ಕೆ ಅರಿವಳಿಕೆ ಕೊಟ್ಟು, ಅಂಟಿದ ಸಗಣಿ, ದರಗು ತೊಳೆದು, ಬಾವು ಇಳಿಯಲು ಸಕ್ಕರೆ ಉದುರಿಸಿ, ಮುಷ್ಟಿಯಿಂದ ಒಳಗೆ ತಳ್ಳಬೇಕು. ಬೆರಳ ತುದಿಯಿಂದ ಒತ್ತಿದರೆ ಹರಿದೀತು. ಹಸು ತಿಣುಕಿದರೆ ಅರ್ಧ ಸೇರಿಸಿದ್ದು ಮತ್ತೆ ಹೊರಗೆ. ಬೆಳಿಗ್ಗೆ ಕಾಲುಬಾಯಿ ಲಸಿಕೆಯ ಓಡಾಟ. ದನದ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಗಳನ್ನು ಆ್ಯಪ್‌ಗೆ ತುಂಬಬೇಕು. ಕೊಟ್ಟಿಗೆಯಲ್ಲಿ ನೆಟ್‌ವರ್ಕ್ ಸಿಗದೆ ಅದೂ ರಾತ್ರಿಯ ಪಾಲಿಗೆ.

ಹಾಗಾಗಿ ಮೊದಲು ಕರೆಗಳನ್ನು ಜರಡಿ ಹಿಡಿಯಬೇಕು. ನೀರುಚೀಲ ಒಡೆದು ಎರಡು ಗಂಟೆಯಾದರೂ ಕರು ಬಾರದಿದ್ದರೆ, ಎಡಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತಿದ್ದರೆ, ಕರು ಹಾಕಿದ ಹಸು ಕತ್ತು ತಿರುಗಿಸಿ ಮಲಗಿ ಏಳದಿದ್ದರೆ ಹೊರಡಲೇಬೇಕು. ಆದರೆ ಸಂಜೆ ಬೆದೆ ಕಂಡ ಹಸುವಿಗೆ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದೇ ಸರಿ. ಕರು ಹಾಕಿದ ಮೇಲೆ ಕಸ (ಮಾಸು) ಬೀಳಲು ಹನ್ನೆರಡು ತಾಸು ಕಾಯಬಹುದು. ಜ್ವರವಿಲ್ಲದೆ ಮೇವು ತಿನ್ನುತ್ತಿದ್ದರೆ ರಾತ್ರಿ ಓಡಬೇಕಿಲ್ಲ, ಕೈಹಾಕಿ ಎಳೆಯುವುದಂತೂ ಬೇಡ. ಇದನ್ನು ಒಂದು ಹಾಳೆಯಲ್ಲಿ ಬರೆದು ಹಾಲಿನ ಡೇರಿಯ ಗೋಡೆಗೆ ಅಂಟಿಸಲಿ. ಅಕ್ಕಪಕ್ಕದ ಆಸ್ಪತ್ರೆಯ ಇಬ್ಬರು ಮೂವರು ವೈದ್ಯರು ರಾತ್ರಿ ಪಾಳಿ ಹಂಚಿಕೊಳ್ಳಲಿ. ಹಗಲಿನ ಒಂದಷ್ಟು ಕರೆಗಳನ್ನು 1962 ಸಹಾಯವಾಣಿಗೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ದಾಟಿಸಬಹುದು.

ನಿದ್ದೆ ಕೆಡಿಸುವುದು ದುಡಿಮೆಗಿಂತ ದೂರು ಎಂಬುದು ನಮ್ಮ ಅಂದಾಜು. ಹಾಲುಜ್ವರಕ್ಕೆ (ಕರು ಹಾಕಿದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) 450 ಮಿ.ಲೀ. ಕ್ಯಾಲ್ಸಿಯಂ ಬಾಟಲಿಯನ್ನು ಮೈಬಿಸಿಗೆ ತಂದು, ಸ್ಟೆತಾಸ್ಕೋಪ್‌ನಲ್ಲಿ ಎದೆಬಡಿತ ಕೇಳುತ್ತಾ ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತಾರೆ. ಬೇಗ ಬಿಟ್ಟರೆ ಹೃದಯ ನಿಂತೀತು. ನಿಧಾನ ಬಿಟ್ಟರೂ ತಡವಾಗಿ ಸಿಕ್ಕ ಹಸು ಸಾಯಬಹುದು. ಆಗ "ಡಾಕ್ಟ್ರು ಸೂಜಿ ಚುಚ್ಚಿದ್ಮೇಲೇ ಹೋಯ್ತು" ಅನ್ನುವ ಮಾತು ಊರು ಸುತ್ತುತ್ತದೆ. ಸೂಜಿ ಹಾಕುವ ಮೊದಲೇ "ಇದು ಉಳಿಯುವುದು ಅನುಮಾನ, ಪ್ರಯತ್ನ ಮಾಡ್ತೇನೆ" ಎಂದು ಮನೆಯವರಿಗೆ ಹೇಳಿ, ಬಂದ ಹೊತ್ತು, ಹಸುವಿನ ಸ್ಥಿತಿ, ಕೊಟ್ಟ ಔಷಧಿ ಬರೆದು ಸಹಿ ಪಡೆದರೆ ಅರ್ಧ ಭಾರ ಇಳಿಯುತ್ತದೆ.

ಇನ್ನೊಂದು ಭಯ ಬಾಯಿಬಿಟ್ಟು ಹೇಳದ್ದು. "ಗಂಟಲಲ್ಲಿ ಏನೋ ಸಿಕ್ಕಿದೆ, ಜೊಲ್ಲು ಸುರಿಸ್ತಿದೆ" ಎಂದಾಗ ಬರಿಗೈ ಹಾಕಿ, ವಾರದ ನಂತರ ಅದು ರೇಬೀಸ್ ಎಂದು ತಿಳಿಯುವುದು. ಕೈಗವಸು ಸದಾ ಇರಲಿ. ಜೊಲ್ಲು ತಗುಲಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆಯಲಿ. ಮೊದಲೇ ಲಸಿಕೆ ಪೂರ್ತಿ ಹಾಕಿಸಿಕೊಂಡವರಿಗೆ ಆಮೇಲೆ 0 ಮತ್ತು 3ನೇ ದಿನ ಎರಡೇ ಚುಚ್ಚುಮದ್ದು ಸಾಕು. ನಿಮ್ಮ ತಮ್ಮ ಹಾಕಿಸಿಕೊಂಡಿದ್ದಾರಾ, ಇವತ್ತೇ ಕೇಳಿ.

ಆರು ತಿಂಗಳ ನಿದ್ರಾಹೀನತೆಗೆ ಮನೋವೈದ್ಯರನ್ನು ಕಾಣುವುದು ಹೇಗೂ ಒಳಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. "ಇನ್ನು ಸಾಕು" ಎನ್ನುವಂಥ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಆಗಲೇ ಕರೆ ಮಾಡಿ. ಔಷಧಿ ಪೆಟ್ಟಿಗೆಯ ಕೀಲಿ ಕೆಲವು ದಿನ ನಿಮ್ಮ ಹತ್ತಿರ ಇರಲಿ.