ಕೋಪದ ಸಾಲನ್ನು ಬಿಡಿಸಿ ಬರೆಯಿರಿ, ಮೇಷ್ಟ್ರೇ

ಮೇಷ್ಟ್ರೇ, ನಮಸ್ಕಾರ.

ತಿಪಟೂರಿನಿಂದ ನೀವು ಕಳಿಸಿದ ಕಾಗದ, ಅದರ ಜೊತೆ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು, ಎರಡೂ ಬಂದು ಸೇರಿವೆ. ಶೀಟನ್ನು ಮೇಜಿನ ಮೇಲೆ ಹರಡಿ, ಮೂಲೆಗಳು ಮಡಚಿಕೊಳ್ಳದಂತೆ ನಾಲ್ಕು ಪುಸ್ತಕ ಹೇರಿ, ಕಚೇರಿಯವರೆಲ್ಲ ನಿಂತು ನೋಡಿದೆವು. ಮೇಲ್ಗಡೆ ಗೀತೆ, ಬೈಬಲ್, ಕುರ್‌ಆನ್, ಧಮ್ಮಪದ, ವಚನ. ಎಡಗಡೆ ‘ಕೊಲ್ಲಬೇಡ’, ‘ಕದಿಯಬೇಡ’, ‘ಸುಳ್ಳಾಡಬೇಡ’, ‘ಕೋಪ ಬೇಡ’. ಪ್ರತಿ ಚೌಕಕ್ಕೂ ಕೆಂಪು ಶಾಯಿಯ ಸರಿ ಗುರುತು. ಆರನೆಯ ಕಾಲಂಗೆ ‘ಜೈನ’ ಎಂದು ತಲೆಬರಹ ಕೊಟ್ಟು ಕೆಳಗೆಲ್ಲ ಖಾಲಿ ಬಿಟ್ಟಿದ್ದೀರಿ. ಅಲ್ಲಿ ಯಾವ ಪುಸ್ತಕ ಹಾಕಬೇಕೋ ತಿಳಿಯಲಿಲ್ಲ ಎಂದಿದ್ದೀರಿ.

ಮೇಷ್ಟ್ರು ಕೇಳಿರುವುದು ಇಷ್ಟು: ಈ ಚಾರ್ಟನ್ನು ಪತ್ರಿಕೆಯಲ್ಲಿ ಅಚ್ಚು ಹಾಕುತ್ತೀರಾ? ಇದನ್ನು ನೋಡಿದ ಗೆಳೆಯರೊಬ್ಬರು “ಎಲ್ಲವೂ ಹೇಳೋದು ಒಂದೇ ಅಂದಮೇಲೆ ಒಂದು ಓದಿದರೆ ಸಾಕಲ್ಲ” ಎಂದರಂತೆ. ಇನ್ನೊಬ್ಬರು “ನಮ್ಮ ಗ್ರಂಥವನ್ನು ಬೇರೆಯದರ ಪಕ್ಕ ಇಟ್ಟು ತೂಗೋದೇ ತಪ್ಪು” ಎಂದು ಎದ್ದು ಹೋದರಂತೆ. ಯಾರ ಮಾತು ಸರಿ?

ಚಾರ್ಟನ್ನು ಈಗಿರುವ ಹಾಗೆ ಅಚ್ಚು ಹಾಕಲಾರೆವು. ನಿಮ್ಮ ಶ್ರಮದ ಮೇಲಿನ ಗೌರವದಿಂದಲೇ ಕಾರಣವನ್ನು ವಿವರವಾಗಿ ಹೇಳುತ್ತೇನೆ.

‘ಕೊಲ್ಲಬೇಡ’ ಎಂಬ ಮೊದಲ ಸಾಲನ್ನೇ ನೋಡೋಣ. ಗೀತೆಯ ಕಾಲಂನಲ್ಲಿ ನೀವು 16ನೇ ಅಧ್ಯಾಯದ ‘ಅಹಿಂಸಾ ಸತ್ಯಮಕ್ರೋಧಃ’ ಬರೆದಿದ್ದೀರಿ. ಇದ್ದದ್ದೇ. ಆದರೆ ಅದೇ ಕೃಷ್ಣ 2ನೇ ಅಧ್ಯಾಯದಲ್ಲಿ ‘ತಸ್ಮಾದ್ಯುಧ್ಯಸ್ವ’, ಆದ್ದರಿಂದ ಯುದ್ಧ ಮಾಡು, ಎನ್ನುತ್ತಾನೆ. ಈ ಎರಡು ಮಾತನ್ನು ಒಟ್ಟಿಗೆ ಹೇಗೆ ಹಿಡಿಯುವುದು ಎಂದು ಶತಮಾನಗಳಿಂದ ಭಾಷ್ಯಕಾರರು ತಲೆ ಕೆಡಿಸಿಕೊಂಡಿದ್ದಾರೆ. ಒಂದು ಸರಿ ಗುರುತು ಅಷ್ಟೂ ಚಿಂತನೆಯನ್ನು ಮುಚ್ಚಿಬಿಡುತ್ತದೆ.

ಪಕ್ಕದ ಕಾಲಂನಲ್ಲಿ ಮೋಶೆಯ ಹತ್ತು ಆಜ್ಞೆಗಳಿವೆ. ಹೀಬ್ರೂ ಭಾಷೆಯಲ್ಲಿ ಅವುಗಳ ಹೆಸರು ‘ಹತ್ತು ಮಾತುಗಳು’. ಮಾತು ಎಂದರೆ ವಚನ! ಆ ಹತ್ತೂ ಶುರುವಾಗುವುದು ‘ನಿನ್ನನ್ನು ಈಜಿಪ್ಟಿನ ದಾಸತ್ವದಿಂದ ಹೊರಗೆ ಕರೆತಂದ ದೇವರು ನಾನು’ ಎಂಬ ಪರಿಚಯದಿಂದ. ಯೆಹೂದ್ಯರ ಲೆಕ್ಕದಲ್ಲಿ ಇದೇ ಮೊದಲನೆಯ ಮಾತು. ಇದರಲ್ಲಿ ಅಪ್ಪಣೆಯೇ ಇಲ್ಲ. ಅಂದರೆ ಅವು ಬಿಡುಗಡೆಯಾದ ಜೀತದಾಳುಗಳಿಗೆ ಹೇಳಿದ ಮಾತುಗಳು. ಏಳನೆಯ ದಿನ ದುಡಿಯಬಾರದು, ನಿನ್ನ ಆಳು, ಎತ್ತು, ಕತ್ತೆಯೂ ದುಡಿಯಬಾರದು, ನೀನೂ ದಾಸನಾಗಿದ್ದೆ ಎಂಬುದನ್ನು ನೆನೆ ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡದ 5ನೇ ಅಧ್ಯಾಯ. ಎತ್ತಿಗೂ ವಾರಕ್ಕೊಂದು ದಿನ ಬಿಡುವು ಕೊಟ್ಟ ಆ ಮಾತು ನಿಮ್ಮ ಚಾರ್ಟಿನಲ್ಲಿ ಇಲ್ಲ. ಬೇರೆ ಕಾಲಂಗಳಲ್ಲಿ ಅದಕ್ಕೆ ಜೋಡಿ ಸಿಗಲಿಲ್ಲವೆಂದು ಬಿಟ್ಟಿದ್ದೀರಿ. ನನಗೆ ಬೇಸರವಾದದ್ದು ಅಲ್ಲೇ. ಹೋಲುವುದನ್ನಷ್ಟೇ ಆಯ್ದರೆ ಆ ಪರಂಪರೆಯ ಜೀವಾಳವೇ ಕೈಜಾರಿ ಹೋಗುತ್ತದೆ.

ಬೌದ್ಧರ ಪಂಚಶೀಲದಲ್ಲಿ ಅಪ್ಪಣೆ ಕೊಡುವವರೇ ಇಲ್ಲ. ‘ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’: ಜೀವ ತೆಗೆಯುವುದರಿಂದ ದೂರವಿರುವ ಶಿಕ್ಷಣವನ್ನು ನಾನು ಕೈಗೊಳ್ಳುತ್ತೇನೆ. ಮಾತು ಹೊರಡುವುದು ಕೈಗೊಳ್ಳುವವನ ಬಾಯಿಂದ. ಇನ್ನು ನಮ್ಮ ಬಸವಣ್ಣನವರು ‘ಕಳಬೇಡ ಕೊಲಬೇಡ’ ಎಂದು ಶುರುಮಾಡಿ ಏಳು ‘ಬೇಡ’ಗಳನ್ನು ಹೇಳಿ ನಿಲ್ಲುವುದು ಎಲ್ಲಿ? ‘ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ.’ ಇಲ್ಲಿ ಶಿಕ್ಷೆಯ ಭಯವಿಲ್ಲ, ಒಲಿಸಿಕೊಳ್ಳುವ ಆಸೆಯಿದೆ. ಒಂದು ಕಡೆ ದೇವರ ಜೊತೆಗಿನ ಒಡಂಬಡಿಕೆ, ಇನ್ನೊಂದು ಕಡೆ ವ್ರತ, ಮತ್ತೊಂದು ಕಡೆ ಒಲವು. ಮೂರಕ್ಕೂ ಒಂದೇ ಕೆಂಪು ಗುರುತು ಹಾಕಿದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೇ ಅಳಿಸಿಹೋಗುತ್ತದೆ.

ಹಾಗಾದರೆ ಹೋಲಿಸಲೇಬಾರದೇ? ಖಂಡಿತ ಹೋಲಿಸಬೇಕು. ನಿಮ್ಮ ನಾಲ್ಕನೆಯ ಸಾಲು ‘ಕೋಪ ಬೇಡ’ ಇದೆಯಲ್ಲ, ಅದರ ಸರಿ ಗುರುತುಗಳನ್ನು ಅಳಿಸಿ, ಪ್ರತಿಯೊಂದು ಪಠ್ಯವೂ ಕೋಪವನ್ನು ಯಾವುದಕ್ಕೆ ಹೋಲಿಸುತ್ತದೆ ಎಂದು ಬರೆದು ನೋಡಿ. ಬಸವಣ್ಣನವರಿಗೆ ಅದು ಬೆಂಕಿ: ‘ಮನೆಯೊಳಗಣ ಕಿಚ್ಚು ಮನೆಯ ಸುಟ್ಟಲ್ಲದೆ ನೆರೆಮನೆಯ ಸುಡದು.’ ಬೌದ್ಧರ ಧಮ್ಮಪದದ ಕ್ರೋಧವರ್ಗದಲ್ಲಿ ಅದು ದಿಕ್ಕುತಪ್ಪಿ ಓಡುವ ರಥ; ತಡೆದು ನಿಲ್ಲಿಸಿದವನೇ ಸಾರಥಿ, ಉಳಿದವರು ಬರೀ ಲಗಾಮು ಹಿಡಿದವರು. ಯೇಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಕೋಪವನ್ನು ನ್ಯಾಯಾಲಯಕ್ಕೆ ಎಳೆಯುತ್ತಾನೆ: ಕೊಲೆಗಾರನಷ್ಟೇ ಅಲ್ಲ, ಸಹೋದರನ ಮೇಲೆ ಸಿಟ್ಟಾದವನೂ ತೀರ್ಪಿಗೆ ಗುರಿ. ಕುರ್‌ಆನಿನ 3ನೇ ಅಧ್ಯಾಯ (134) ಕೋಪವನ್ನು ತಡೆದುಕೊಂಡು ಜನರನ್ನು ಕ್ಷಮಿಸುವವರನ್ನು ಹೊಗಳುತ್ತದೆ. ಅಲ್ಲಿ ‘ತಡೆ’ಗೆ ಬಳಸಿರುವ ಅರಬ್ಬಿ ಕ್ರಿಯಾಪದಕ್ಕೆ ತುಂಬಿದ ತೊಗಲು ಚೀಲದ ಬಾಯಿ ಬಿಗಿಯುವುದು ಎಂಬ ಬಳಕೆಯೂ ಉಂಟು.

ಬೆಂಕಿ, ರಥ, ನ್ಯಾಯಾಲಯ, ತೊಗಲು ಚೀಲ. ಸಿಟ್ಟು ಬೇಡ ಎಂಬುದರಲ್ಲಿ ನಾಲ್ವರೂ ಒಂದೇ. ಆದರೆ ಬೆಂಕಿಯಾದರೆ ಆರಿಸಬೇಕು, ರಥವಾದರೆ ನಿಲ್ಲಿಸಬೇಕು, ಕಟಕಟೆಯಾದರೆ ಉತ್ತರ ಕೊಡಬೇಕು, ಚೀಲವಾದರೆ ಬಿಗಿಹಿಡಿಯಬೇಕು. ನನ್ನ ಸಿಟ್ಟಿಗೆ ಒಂದೊಂದು ದಿನ ಒಂದೊಂದು ನಾಟುತ್ತದೆ. ಒಂದು ಓದಿದರೆ ಸಾಕೆಂದ ನಿಮ್ಮ ಗೆಳೆಯರಿಗೆ ಈ ಸಾಲನ್ನು ಓದಿ ಹೇಳಿ.

ಎದ್ದು ಹೋದವರ ಅಳುಕು ನನಗೆ ಅರ್ಥವಾಗುತ್ತದೆ. ತಾನು ಕೈಮುಗಿಯುವ ಗ್ರಂಥ ಇನ್ನೊಬ್ಬರ ಕಾಲಂನಲ್ಲಿ ಅಂಕಪಟ್ಟಿಯ ಹಾಗೆ ಕಂಡರೆ ಯಾರಿಗಾದರೂ ನೋವಾಗುತ್ತದೆ. ಅವರನ್ನು ಒಮ್ಮೆ ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಕರೆದುಕೊಂಡು ಹೋಗಿ. ನಾನು ಹೋದಾಗ ರಾತ್ರಿಯಾಗಿತ್ತು. ಗುರು ಗ್ರಂಥ ಸಾಹಿಬ್ ಅನ್ನು ವಸ್ತ್ರದಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು, ವಿಶ್ರಾಂತಿಯ ಕೋಣೆಗೆ ಕರೆದೊಯ್ದರು. ‘ತೆಗೆದುಕೊಂಡು ಹೋದರು’ ಎಂದು ಬರೆಯಲು ಕೈ ಬರುತ್ತಿಲ್ಲ, ಸಿಖ್ಖರಿಗೆ ಆ ಗ್ರಂಥವೇ ಗುರು. ಇಷ್ಟು ಭಕ್ತಿಯಿಂದ ಹೊತ್ತ ಆ 1430 ಪುಟಗಳ ಒಳಗೆ ಗುರುಗಳ ವಾಣಿಯ ಜೊತೆ ನೇಕಾರ ಕಬೀರರು, ಚಮ್ಮಾರ ರವಿದಾಸರು, ಸಿಂಪಿಗ ನಾಮದೇವರು, ಸೂಫಿ ಸಂತ ಫರೀದರು ಎಲ್ಲರೂ ಇದ್ದಾರೆ. 1604ರಲ್ಲಿ ಗುರು ಅರ್ಜನರು ಮೊದಲ ಸಂಕಲನ ಮಾಡಿದಾಗಲೇ ಸೇರಿಸಿದ್ದು. ಅಲ್ಲಿ ಭಿನ್ನಮತಕ್ಕೂ ಜಾಗವಿದೆ. ನನ್ನ ದೇಹ ತಂದೂರಿನಂತೆ ಕಾಯಲಿ, ಎಲುಬು ಸೌದೆಯಾಗಿ ಉರಿಯಲಿ, ಕಾಲು ಸೋತರೆ ತಲೆಯ ಮೇಲೆ ನಡೆದಾದರೂ ಪ್ರಿಯನನ್ನು ಸೇರುತ್ತೇನೆ ಎಂದು ಫರೀದರು ಹಾಡಿದರೆ, ಮರುಪದ್ಯವೇ ನಾನಕರದು: ದೇಹವನ್ನು ತಂದೂರಿನಂತೆ ಕಾಯಿಸಬೇಡ, ಕಾಲು ತಲೆ ನಿನಗೇನು ಕೇಡು ಮಾಡಿವೆ, ಪ್ರಿಯನನ್ನು ಒಳಗೇ ನೋಡು. ಎರಡು ಪದ್ಯಗಳೂ ಒಂದೇ ಪುಟದಲ್ಲಿವೆ, ಎರಡಕ್ಕೂ ಜನ ತಲೆಬಾಗುತ್ತಾರೆ.

ದಾರಾ ಶಿಕೋಹನೂ ನೆನಪಾಗುತ್ತಾನೆ. ಕಾಶಿಯ ಪಂಡಿತರ ನೆರವಿನಿಂದ 1657ರಲ್ಲಿ 50 ಉಪನಿಷತ್ತುಗಳನ್ನು ಪಾರ್ಸಿಗೆ ತಂದ ಮೊಗಲ ರಾಜಕುಮಾರ. ಕುರ್‌ಆನ್ ಹೇಳುವ ‘ಗುಪ್ತ ಗ್ರಂಥ’ ಇವೇ ಎಂದು ಅವನು ನಂಬಿದ್ದ. ಆ ತೀರ್ಮಾನವನ್ನು ನಾನು ಒಪ್ಪಲಾರೆ. ಆದರೆ ಅವನು ಪಟ್ಟಿ ಮಾಡಿ ಕೈತೊಳೆದುಕೊಳ್ಳಲಿಲ್ಲ, ಇನ್ನೊಬ್ಬರ ಪಠ್ಯವನ್ನು ಅವರ ಜೊತೆಗೇ ಕುಳಿತು ಆದ್ಯಂತ ಓದಿದ. ಅದಕ್ಕಾಗಿ ಅವನ ಮೇಲೆ ನನಗೆ ದೊಡ್ಡ ಗೌರವ.

ಕೊನೆಗೆ ನಿಮ್ಮ ಖಾಲಿ ಕಾಲಂ. ದಿಗಂಬರ ಜೈನರ ನಂಬಿಕೆಯಂತೆ ‘ಅಂಗ’ಗಳೆಂಬ ಮೂಲ ಧರ್ಮಗ್ರಂಥಗಳು ಕಾಲಕ್ರಮದಲ್ಲಿ ಮರೆತು ಲುಪ್ತವಾದವು. ಶ್ವೇತಾಂಬರರು ಇದನ್ನು ಒಪ್ಪುವುದಿಲ್ಲ, ಅವರ ಆಗಮಗಳು ಅವರ ಬಳಿ ಇವೆ. ದಿಗಂಬರರಲ್ಲಿ, ಧರಸೇನಾಚಾರ್ಯರು ತಮ್ಮಲ್ಲಿ ಉಳಿದಿದ್ದ ಜ್ಞಾನವನ್ನು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಶಿಷ್ಯರಿಗೆ ಒಪ್ಪಿಸಿ, ಅವರು ಬರೆದಿಟ್ಟದ್ದು ಷಟ್ಖಂಡಾಗಮ. ಅದನ್ನು ಬರೆದು ಮುಗಿಸಿದ ದಿನವೆಂದೇ ಶ್ರುತಪಂಚಮಿಯಂದು ಶಾಸ್ತ್ರಕ್ಕೆ ಪೂಜೆ ಮಾಡುತ್ತಾರೆ. 9ನೇ ಶತಮಾನದ ‘ಧವಲಾ’ ಎಂಬ ವ್ಯಾಖ್ಯಾನದ ಸಮೇತ ಅದು ಉಳಿದು ಬಂದದ್ದು ನಮ್ಮ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಬಹುಕಾಲ ಅವು ದರ್ಶನಕ್ಕಷ್ಟೇ ಸಿಗುತ್ತಿದ್ದವು, 1939ರಿಂದ ಅಚ್ಚಾಗತೊಡಗಿದವು. ಹಾಗಾಗಿ ಆ ಕಾಲಂಗೆ ಸರಿ ಗುರುತು ಹಾಕಲು ಹೋಗಬೇಡಿ. ಕಳೆದುಹೋದದ್ದು, ಉಳಿದದ್ದು ಎರಡನ್ನೂ ಅಲ್ಲೇ ನಾಲ್ಕು ಸಾಲಿನಲ್ಲಿ ಬರೆಯಿರಿ.

ಶೀಟನ್ನು ಮಡಚದೆ, ಕೊಳವೆಯಲ್ಲಿಟ್ಟು ಅಂಚೆಗೆ ಹಾಕಿದ್ದೇವೆ. ಕೋಪದ ಒಂದೇ ಒಂದು ಸಾಲನ್ನು ಬಿಡಿಸಿ ಬರೆದು ಕಳಿಸಿ. ಪ್ರತಿ ಪಠ್ಯದ ಹಿಂದುಮುಂದಿನ ಮಾತೂ ಜೊತೆಗಿರಲಿ, ಆಯಾ ಗ್ರಂಥವನ್ನು ದಿನವೂ ಓದುವವರೊಬ್ಬರಿಗೆ ಮೊದಲು ತೋರಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ.

– ಸಂಪಾದಕ