ಮುಂದೆ ಸರ್ಕಾರದ ಅಂಕಿಅಂಶ ಸಿಗುತ್ತಾ? ಸಿಕ್ಕರೂ ನಂಬಬಹುದಾ?

ನೀವು ಕೇಳಿದ ಎರಡರಲ್ಲಿ ಮೊದಲನೆಯದೇ ನನಗೆ ಜಾಸ್ತಿ ಚಿಂತೆ. ಸರ್ಕಾರ ಅಂಕಿ ತಿದ್ದುತ್ತೆ ಅಂತ ಎಲ್ಲರೂ ಸಲೀಸಾಗಿ ಹೇಳ್ತಾರೆ. ನಾನು ಕಂಡಂತೆ ತಿದ್ದುವುದಕ್ಕಿಂತ ತಡೆಹಿಡಿಯುವುದೇ ಹೆಚ್ಚು.

2017-18ರ ಉದ್ಯೋಗ ಸಮೀಕ್ಷೆ ನೋಡಿ. ವರದಿ ಸಿದ್ಧವಿದ್ದರೂ ಹೊರಗೆ ಬಿಡಲಿಲ್ಲ ಅಂತ ರಾಷ್ಟ್ರೀಯ ಅಂಕಿಅಂಶ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ 2019ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ನಿರುದ್ಯೋಗ ಶೇ 6.1 ಅಂತ ಪತ್ರಿಕೆಯಲ್ಲಿ ಸುದ್ದಿ ಬಂತು, ಅದಿನ್ನೂ ಕರಡು ಅಂತ ಸರ್ಕಾರದವರು ಅಂದರು. ಚುನಾವಣೆ ಮುಗಿದು ಮೇ 31ಕ್ಕೆ ವರದಿ ಬಂದಾಗ ಅದೇ 6.1! ಅದೇ ವರ್ಷದ ಗೃಹಬಳಕೆ ವೆಚ್ಚದ ಸಮೀಕ್ಷೆಯನ್ನಂತೂ ಗುಣಮಟ್ಟ ಸರಿಯಿಲ್ಲ ಅಂತ ಬದಿಗಿಟ್ಟರು. ಬಡತನದ ಲೆಕ್ಕ ಹಾಕೋದು ಈ ಸಮೀಕ್ಷೆಯಿಂದಲೇ. 2011-12ರದ್ದು ಆದಮೇಲೆ ಹೊರಗೆ ಬಂದದ್ದು 2022-23ರದ್ದೇ, ಅದರ ವಿಧಾನವೂ ಬೇರೆ. ಬಡತನ ಇಳಿಯಿತಾ ಅಂತ ಹೋಲಿಸಿ ನೋಡೋದು ಹೇಗೆ ಹೇಳಿ?

ಇದಕ್ಕಿಂತ ದೊಡ್ಡ ತೊಂದರೆ ಜನಗಣತಿಯದ್ದು. 2021ರದ್ದು ಕೋವಿಡ್‌ಗೆ ನಿಂತಿತು, ಆಮೇಲೆ ಮುಂದಕ್ಕೆ ಹೋಗುತ್ತಲೇ ಹೋಗಿ 2027ಕ್ಕೆ ಬಂದು ನಿಂತಿದೆ. ಸುಮ್ನೆ ತಲೆ ಎಣಿಸುವ ಕೆಲಸ ಅಲ್ಲ ಅದು. ಪಡಿತರ ಎಷ್ಟು ಜನಕ್ಕೆ ಅನ್ನೋ ಮಿತಿ, ಬೆಂಗಳೂರಿನ ವಾರ್ಡ್ ವಿಂಗಡಣೆ, ಎಲ್ಲಕ್ಕೂ 2011ರ ಲೆಕ್ಕವೇ ಆಧಾರ. ಅವತ್ತು ಬಿಬಿಎಂಪಿ ವ್ಯಾಪ್ತಿಯಲ್ಲಿದ್ದವರು 84 ಲಕ್ಷ. ಮಹದೇವಪುರದ ಕಡೆ ಆಮೇಲೆ ಎದ್ದ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರು ಅದರಲ್ಲಿ ಎಲ್ಲಿ ಬರ್ತಾರೆ? ಸ್ಯಾಂಪಲ್ ಸಮೀಕ್ಷೆಗಳು ಕೂಡ ಹಳ್ಳಿಗಳನ್ನು ಆರಿಸುವುದು ಜನಗಣತಿಯ ಪಟ್ಟಿಯಿಂದ. ಪಟ್ಟಿಯೇ ಹಳೆಯದಾದರೆ, ಪ್ರಾಮಾಣಿಕವಾಗಿ ಮಾಡಿದ ಸಮೀಕ್ಷೆಯೂ ಒಂದಿಷ್ಟು ವಾಲುತ್ತೆ, ಯಾರೂ ಏನೂ ತಿದ್ದಬೇಕಾಗಿಲ್ಲ.

ಹಾಗಂತ ಎಲ್ಲ ಮುಗಿಯಿತು ಅಂತಲ್ಲ. ಉದ್ಯೋಗದ ಅಂಕಿ 2025ರಿಂದ ತಿಂಗಳಿಗೊಮ್ಮೆ ಬರ್ತಿದೆ. 2022-23ರ ಗೃಹಬಳಕೆ ವೆಚ್ಚದ ಸಮೀಕ್ಷೆಯಲ್ಲಿ ಒಂದೊಂದು ಮನೆ ಕೊಟ್ಟ ಉತ್ತರವೂ (ಹೆಸರಿಲ್ಲದೆ) ಕೇಂದ್ರ ಅಂಕಿಅಂಶ ಸಚಿವಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತೆ. ಅನುಮಾನ ಇದ್ದವರು ತಾವೇ ಲೆಕ್ಕ ಹಾಕಿ ನೋಡಬಹುದು, ನಾನು ನಂಬುವುದು ಇಂಥದ್ದನ್ನೇ.

ನಿಮಗೆ ಬೇಕಾದದ್ದನ್ನು ಇವತ್ತೇ ಇಳಿಸಿಕೊಳ್ಳಿ, ಕಡತದ ಹೆಸರಲ್ಲಿ ತಾರೀಖು ಹಾಕಿ. ತಾಣ ಹೊಸದು ಮಾಡಿದಾಗೆಲ್ಲ ಹಳೆ ಲಿಂಕ್ ಸಾಯುತ್ತೆ. ಎಕ್ಸೆಲ್ ಇದ್ದರೆ ಅದನ್ನೇ ಮೊದಲು ತಗೊಳ್ಳಿ. ನಮ್ಮ ರಾಜ್ಯದ ಎಷ್ಟೋ ಹಳೆ ಪಿಡಿಎಫ್‌ಗಳು ನುಡಿ ಫಾಂಟ್‌ನಲ್ಲಿವೆ, ಕಾಪಿ ಮಾಡಿದರೆ ತಾಲ್ಲೂಕಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರ ಬಂದು ಕೂರುತ್ತೆ.